ಅಕ್ಕನ ಅಂಚು

ಫೆಬ್ರುವರಿ ೬

ಕಪಿಗೆ,

ಫೋನು ಬಿಟ್ಟು ಕಾಗದ ಹಿಡಿದಿದ್ದಾಳೆ, ಇವಳಿಗೇನಾಯಿತು ಎಂದು ನಗಬೇಡ. ನಮ್ಮ ಮನೆಯ ಗೋಡೆಗಳನ್ನು ನೀನು ಮರೆತಿರಬಹುದು. ಒಂದು ಕೋಣೆಯಲ್ಲಿ ಸೀನಿದರೆ ಇನ್ನೊಂದರಲ್ಲಿ ಕೇಳುತ್ತದೆ. ಅಪ್ಪನ ವಿಷಯ ಅಪ್ಪನ ಕಿವಿಗೆ ಬೀಳದ ಹಾಗೆ ಹೇಳಬೇಕು. ಮೆಸೇಜು ಕಳಿಸಿದರೆ ನೀನು ಹೆಬ್ಬೆರಳಿನ ಚಿತ್ರ ಒತ್ತಿ ಕೈ ತೊಳೆದುಕೊಳ್ಳುತ್ತೀಯ. ಅದಕ್ಕೇ ಊಟದ ಬಿಡುವಿನಲ್ಲಿ ಹಲ್ಲು ಕಟ್ಟುವ ನಮ್ಮ ಲ್ಯಾಬಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎದುರಿಗೆ ಯಾರೋ ಅಜ್ಜಿಯ ಹಲ್ಲಿನ ಸೆಟ್ಟು ಮೇಣದಲ್ಲಿ ಅರ್ಧ ಕೂತು ನನ್ನನ್ನೇ ನೋಡಿ ಕಿಸಿಯುತ್ತಿದೆ.

ಒಳ್ಳೆಯ ಸುದ್ದಿ ಇದೆ. ಅಪ್ಪ ನೀನು ಮಾಡಿದ ವಿಡಿಯೋ ಆಟ ಆಡುತ್ತಿದ್ದಾನೆ.

ಲಕ್ವ ಹೊಡೆದ ಮೇಲೆ ಅವನ ಬಲಗೈ ಹೇಗಿತ್ತೆಂದು ನೀನು ಒಂದು ಸಲ ಬಂದು ನೋಡಿದ್ದೀಯ. ಯಾರೋ ಮರೆತು ಬಿಟ್ಟು ಹೋದ ಸಾಮಾನಿನ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ವ್ಯಾಯಾಮ ಹೇಳಿಕೊಡಲು ಬರುವಾಕೆ ಹಿಸುಕಲು ರಬ್ಬರ್ ಚೆಂಡು ಕೊಟ್ಟರೆ ಅದನ್ನು ಪಕ್ಕದ ಮನೆಯ ನಾಯಿಗೆ ದಾನ ಮಾಡಿದ. "ಕ್ರೇನ್ ಓಡಿಸಿದ ಕೈಗೆ ಚೆಂಡು ಕೊಡ್ತಾಳಲ್ಲ, ನಾನೇನು ಕೂಸಾ?" ಎಂದು ಆಮೇಲೆ ನನ್ನ ಮೇಲೆ ಹಾರಾಡಿದ. ಬೇಸತ್ತು ಒಂದು ದಿನ ಟಿವಿಗೆ ನಿನ್ನ ಆಟ ಹಾಕಿ, ಕಂಟ್ರೋಲರನ್ನು ಅವನ ಹೊಟ್ಟೆಗೆ ಒರಗಿಸಿಟ್ಟು ಅಡುಗೆಮನೆಗೆ ಹೋದೆ. ವಾಪಸ್ ಬಂದಾಗ ಹಳದಿ ಹೆಲ್ಮೆಟ್ಟಿನ ಗಿಡ್ಡ ಮನುಷ್ಯ ಪರದೆಯ ಮೇಲೆ ನಿಂತಿದ್ದ. ಅಪ್ಪ ಅವನನ್ನೇ ದಿಟ್ಟಿಸುತ್ತಿದ್ದ. "ಇದು ನಾನಲ್ವೇನೇ?" ಅಂದ.

ಈಗ ದಿನಾ ಬೆಳಗ್ಗೆ ತಿಂಡಿ ಆದ ಕೂಡಲೇ ಕೂರುತ್ತಾನೆ. ತೊಲೆಯಿಂದ ತೊಲೆಗೆ, ಕೊಕ್ಕೆಯಿಂದ ಕೊಕ್ಕೆಗೆ ಆ ಹೆಲ್ಮೆಟ್ಟಿನವನನ್ನು ಜಿಗಿಸುತ್ತಾನೆ. ಜಿಗಿಯುವ ಬಟನ್ ಬಲ ಹೆಬ್ಬೆರಳಿನದು. ಮೊದಮೊದಲು ಎಡಗೈಯಿಂದ ಆ ಬೆರಳನ್ನು ಎತ್ತಿ ಇಡುತ್ತಿದ್ದ. ಈಗ ಬೆರಳು ತಾನೇ ಏಳುತ್ತದೆ. ಆ ಆಟಕ್ಕೆ ನಾನು ಚಿತ್ರ ಬರೆಯುವಾಗ ಮೂರನೆಯ ಅಂಗಳದಲ್ಲಿ ತೊಲೆಯ ಹಿಂದೆ ಒಂದು ಬುತ್ತಿ ಡಬ್ಬಿ ಅಡಗಿಸಿಟ್ಟಿದ್ದೆ, ನೆನಪಿದೆಯಾ? ನಿನಗೇ ಅದು ಸಿಕ್ಕಿರಲಿಲ್ಲ. ಅಪ್ಪನಿಗೆ ಸಿಕ್ಕಿತು. ಮುಚ್ಚಳದ ಸೊಟ್ಟು ನೋಡಿ, ಅದು ತನ್ನದೇ ಹಳೆಯ ಡಬ್ಬಿ ಎಂದೂ ಗುರುತಿಸಿದ.

ಅವನ ಕೈ ಏಳುವುದನ್ನು ನೋಡುವಾಗ ನಮ್ಮ ಜಗಳ ನೆನಪಾಗುತ್ತದೆ. ತೊಲೆಯ ಅಂಚು ದಾಟಿ ಕಾಲು ಗಾಳಿಗೆ ಬಂದ ಮೇಲೂ ಕಣ್ಣು ಮಿಟುಕಿಸುವಷ್ಟು ಹೊತ್ತಿನೊಳಗೆ ಬಟನ್ ಒತ್ತಿದರೆ ಜಿಗಿತ ನಡೆಯಲಿ ಎಂದು ಹಠ ಹಿಡಿದವಳು ನಾನು. "ಮೋಸ ಕಣೇ ಅದು" ಎಂದು ಕುಣಿದವನು ನೀನು. ಕೊನೆಗೆ ನಾನು ಊಟ ಬಡಿಸುವುದಿಲ್ಲ ಅಂದ ಮೇಲೆ ನೀನು ಸೇರಿಸಿದೆ, ಸೇರಿಸಿ ಅದಕ್ಕೆ 'ಅಕ್ಕನ ಅಂಚು' ಎಂದು ಅಡ್ಡಹೆಸರಿಟ್ಟೆ. ಆಡುವವರಿಗೆ ಅದು ಕಾಣುವುದೇ ಇಲ್ಲ. ಅಪ್ಪ ದಿನಾ ಆ ಕಾಣದ ಅಂಚಿನ ಮೇಲೆ ಕಾಲಿಟ್ಟು ಹಾರುತ್ತಿದ್ದಾನೆ, ತನ್ನ ಕೈಯೇ ಚುರುಕಾಯಿತು ಎಂದುಕೊಂಡಿದ್ದಾನೆ. ಹಾಗೇ ಅಂದುಕೊಳ್ಳಲಿ.

ಹೊಟ್ಟೆಗೆ ಸರಿಯಾಗಿ ತಿನ್ನು.

ಅಕ್ಕ


ಫೆಬ್ರುವರಿ ೨೭

ಅಕ್ಕಾ,

ನಿನ್ನ ಕಾಗದವನ್ನು ಆಫೀಸಿನಲ್ಲೇ ಒಡೆದೆ. ಪಕ್ಕದವರು ಕೋರ್ಟ್ ನೋಟೀಸು ಬಂತೇನೋ ಎಂದು ಇಣುಕಿದರು. ಅಪ್ಪ ಆಡುತ್ತಿದ್ದಾನೆ ಎಂದು ಓದಿ ಖುಷಿಯಾಯಿತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ, ಅಷ್ಟು ಖುಷಿ.

ಆದರೆ ನಿನ್ನ ಅಂಚಿನ ವಿಷಯ ಹೇಳಿಬಿಡುತ್ತೇನೆ, ಆಮೇಲೆ ತಿಳಿದು ನೀನು ಬೈಯುವುದು ಬೇಡ. ಹೊಸ ಆವೃತ್ತಿಯಲ್ಲಿ ಅದನ್ನು ತೆಗೆದಿದ್ದೇನೆ. ಕಂಪನಿಯವರು ಹೇಳಿದ್ದಲ್ಲ, ನಾನೇ ತೆಗೆದದ್ದು. ಮೊದಲಿನಿಂದಲೂ ಅದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ನಾವಿಬ್ಬರೂ ಒಂದೇ ಕಂಟ್ರೋಲರ್ ಹಂಚಿಕೊಂಡು ಬೆಳೆದವರು, ಆದರೂ ನಿನಗೂ ನನಗೂ ಆಟ ಎಂದರೆ ಬೇರೆ ಬೇರೆ. ನಿನಗೆ ಅದು ಊರು ಸುತ್ತುವ ಕೆಲಸ. ಈ ಪೈಪಿನೊಳಗೆ ಏನಿದೆ, ಆ ಮೋಡದ ಹಿಂದೆ ಯಾರಿದ್ದಾರೆ ಎಂದು ಇಣುಕುತ್ತಾ ನಿಲ್ಲುತ್ತಿದ್ದೆ. ಬಿದ್ದವರು ಕಂಟ್ರೋಲರ್ ಕೊಡಬೇಕೆಂಬುದು ಮನೆಯ ಕಾನೂನು, ನೀನೋ ಜಿಗಿಯುತ್ತಲೇ ಇರಲಿಲ್ಲ. ನಾನು ಪಕ್ಕದಲ್ಲಿ ಕೂತು ಉಗುರು ಕಚ್ಚಬೇಕಿತ್ತು. ನನಗೆ ಮಜಾ ಇರುವುದು ಅಂಚಿನಲ್ಲಿ. ಇಲ್ಲಿ ನಿಂತರೆ ಬದುಕು, ಒಂದು ಕೂದಲೆಳೆ ಆಚೆ ಹೋದರೆ ಸಾವು. ಸತ್ತಾಗ ತಪ್ಪು ನನ್ನದೇ, ಗೆದ್ದಾಗ ಗೆಲುವೂ ನನ್ನದೇ. ನಡುವೆ ಯಾರೋ ಕಾಣದ ಕೈ ಹಿಡಿದು ದಾಟಿಸಿದರೆ ಆ ಗೆಲುವನ್ನು ಎಲ್ಲಿ ಇಟ್ಟುಕೊಳ್ಳಲಿ?

ಇದನ್ನು ಕಲಿಸಿದವನು ಅಪ್ಪನೇ. ಒಂದು ಸಲವಾದರೂ ನಮಗೆ ಬಿಟ್ಟುಕೊಟ್ಟನಾ? ಇಲ್ಲ. ದಿನಾ ಸೋಲಿಸುತ್ತಿದ್ದ. ಅದಕ್ಕೇ ಆ ದಿನ, ಆಟದ ಕೊನೆಯ ಹಳ್ಳಕ್ಕೆ ಅವನು ಬಿದ್ದು ನಾನು ದಾಟಿದೆನಲ್ಲ, ಆ ದಿನ ನಾನು ಯಾರೆಂದು ನನಗೆ ಗೊತ್ತಾಯಿತು. ಚಿಕ್ಕ ಹುಡುಗ, ಕ್ರೇನ್ ಓಡಿಸುವ ಕೈಯನ್ನು ಸೋಲಿಸಿದ್ದೆ. ಇವತ್ತು ಈ ಕುರ್ಚಿಯ ಮೇಲೆ ಕೂತಿರುವುದೂ ಅದೇ ಧೈರ್ಯದಿಂದ.

ಅಪ್ಪನಿಗೆ ಹೊಸದು ಇನ್ನೂ ಹಿಡಿಸುತ್ತದೆ ನೋಡು. ಅವನ ಜಾತಿಯ ಆಟ ಅದು.

ನಿನ್ನ ಕಪಿ


ಮಾರ್ಚ್ ೧೯

ಕಪಿಗೆ,

ಹೊಸದು ಬಂತು. ಕೇಳದೆ ಹೇಳದೆ ಟಿವಿಯೊಳಗೆ ತಾನೇ ಬಂದು ಕೂತಿತು. ಅಪ್ಪನಿಗೆ ಆಟ ಬದಲಾಗಿದೆ ಎಂಬುದೇ ಗೊತ್ತಿಲ್ಲ.

ಮೊದಲ ಕೊಕ್ಕೆಯ ಹತ್ತಿರವೇ ಬೀಳುತ್ತಾನೆ. ಮುಂಚೆ ನೋಡದೆ ದಾಟುತ್ತಿದ್ದ ಜಾಗ ಅದು. ಬೀಳುತ್ತಾನೆ, ಎದ್ದು ಬರುತ್ತಾನೆ, ಮತ್ತೆ ಬೀಳುತ್ತಾನೆ. ಬೆರಳು ಏಳುತ್ತದೆ, ಒತ್ತುತ್ತದೆ, ಆದರೆ ಅಷ್ಟರಲ್ಲಿ ಕಾಲು ಅಂಚು ದಾಟಿರುತ್ತದೆ. ಅವನು ಆಟವನ್ನು ಬೈಯಲಿಲ್ಲ. ಬೈದಿದ್ದರೆ ನಾನು ನಿನಗೆ ಬರೆಯುತ್ತಲೇ ಇರಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಸರಿ ಹೋಗ್ತಿದೆ ಅಂದ್ಕೊಂಡಿದ್ದೆ. ಮತ್ತೆ ಕೆಟ್ಟಿತಲ್ಲೇ" ಅಂದ. ಆ ದನಿಯನ್ನು ನೀನು ಕೇಳಬೇಕಿತ್ತು. ಬಡ್ತಿ ಕೈತಪ್ಪಿದ ದಿನವೂ ಅವನು ಹಾಗೆ ಮಾತಾಡಿರಲಿಲ್ಲ.

ವ್ಯಾಯಾಮದಾಕೆ ಬಂದು ಕೈ ಪರೀಕ್ಷಿಸಿ, ಏನೂ ಕೆಟ್ಟಿಲ್ಲ ಅಂದಳು. ಅಪ್ಪ ನಂಬಲಿಲ್ಲ. ಅವಳ ಮಾತಿಗಿಂತ ಅವನಿಗೆ ನಿನ್ನ ಆಟದ ಮೇಲೆ ನಂಬಿಕೆ.

ನಿನ್ನ ಕಾಗದ ಓದಿದೆ. ಚೆನ್ನಾಗಿ ಬರೆದಿದ್ದೀಯ, ಭಾಷಣ ಮಾಡಲು ನಿನಗೆ ಯಾರೂ ಕಲಿಸಬೇಕಿಲ್ಲ. ನಿನ್ನ ಅಂಚು ನಿನಗಿರಲಿ, ಲೋಕದ ಗಂಡುಗಲಿಗಳೆಲ್ಲ ಅದರ ಮೇಲೆ ಸತ್ತು ಸಂತೋಷಪಡಲಿ. ನನ್ನದೊಂದೇ ಬೇಡಿಕೆ. ನನ್ನ ಅಂಚನ್ನು ವಾಪಸ್ ಹಾಕು. ಎಲ್ಲರಿಗೂ ಆಗದಿದ್ದರೆ ಈ ಒಂದು ಮನೆಗೆ ಹಾಕು. ಸದ್ದಿಲ್ಲದೆ ಹಾಕು, ಯಾರಿಗೂ ಗೊತ್ತಾಗದ ಹಾಗೆ. ಅವನಿಗಂತೂ ಗೊತ್ತಾಗಲೇಬಾರದು.

ಬೇಗ ಮಾಡೋ. ಮೊನ್ನೆಯಿಂದ ಅವನು ಆಡುವ ಹೊತ್ತು ಕಡಿಮೆಯಾಗಿದೆ.

ಅಕ್ಕ


ಏಪ್ರಿಲ್ ೧೧

ಅಕ್ಕಾ,

ತಡವಾಯಿತು. ಇಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ.

ಮೊದಲು ಕೋಪ ಬಂದದ್ದು ನಿಜ. ಆಟವೇನು ಔಷಧಿ ಅಂಗಡಿಯಾ ಎಂದು ಒಂದು ಕಾಗದ ಬರೆದು ಹರಿದೆ. ಹೊಸ ಆವೃತ್ತಿಯನ್ನು ಜನ ಹೊತ್ತುಕೊಂಡು ಕುಣಿಯುತ್ತಿದ್ದಾರೆ. 'ಕೊನೆಗೂ ಮರ್ಯಾದೆಯಿರುವ ಜಿಗಿತ' ಎಂದು ಒಬ್ಬ ಬರೆದಿದ್ದಾನೆ. ಒಂದು ಮನೆಗೆ ಬೇರೆ ಆಟ ಕೊಡುವುದು ನೀನು ಅಂದುಕೊಂಡಷ್ಟು ಸುಲಭವಲ್ಲ, ಎಲ್ಲದಕ್ಕೂ ನಾಲ್ಕು ಜನ ಒಪ್ಪಬೇಕು.

ಆದರೂ ದಾರಿ ಹುಡುಕಿದ್ದೇನೆ, ಕೇಳು. ನಮ್ಮ ಕೋಣೆಯ ಗೋಡೆಯ ಮೇಲೆ ಒಂದು ದೊಡ್ಡ ಪರದೆ ಇದೆ. ಆಡುವವರು ಎಲ್ಲೆಲ್ಲಿ ಬಿದ್ದರೆಂದು ಅದರ ಮೇಲೆ ಕೆಂಪು ಚುಕ್ಕಿ ಬೀಳುತ್ತದೆ. ಮೊದಲ ಕೊಕ್ಕೆಯ ಕೆಳಗೆ ದಿನಾ ಬೆಳಗ್ಗೆ ಒಬ್ಬನೇ ಒಬ್ಬ ಆಸಾಮಿ ಬೀಳುತ್ತಲೇ ಇರುತ್ತಿದ್ದ. ನಮ್ಮ ಹುಡುಗರು ಅವನಿಗೆ 'ಧೊಪ್ಪಣ್ಣ' ಎಂದು ಹೆಸರಿಟ್ಟರು. ಬಂದ ಕೂಡಲೇ ಚಹಾ ಹಿಡಿದು ಪರದೆಯ ಮುಂದೆ ನಿಲ್ಲುವುದು, ಧೊಪ್ಪಣ್ಣ ಇವತ್ತು ದಾಟುತ್ತಾನಾ ಇಲ್ಲವಾ ಎಂದು ಪಂದ್ಯ ಕಟ್ಟುವುದು. ನಿನ್ನ ಕಾಗದ ಬಂದ ಮೇಲೆ ನನಗೆ ಅನುಮಾನ ಬಂತು. ನೋಡಿದೆ. ಹೌದು, ಅಪ್ಪನೇ. ನಾನು ಅವರಿಗೆ ಹೇಳಲಿಲ್ಲ.

ಧೊಪ್ಪಣ್ಣನ ಮೇಲಿನ ಕನಿಕರಕ್ಕೇ ಒಂದು 'ಸುಲಭ' ದಾರಿ ಸೇರಿಸೋಣ ಎಂದು ಎಲ್ಲರೂ ಒಪ್ಪಿದರು. ಇದೇ ಸಮಯ ಎಂದು ನಾನು ನಿನ್ನ ಅಂಚನ್ನು ಅದರೊಳಗೆ ಕೂರಿಸಿದೆ. ಮೊದಲ ಕೊಕ್ಕೆಯಲ್ಲಿ ತುಂಬಾ ಸಲ ಬಿದ್ದರೆ ಆಟವೇ ಆ ದಾರಿಗೆ ಹೊರಳುತ್ತದೆ. ಚಿತ್ರ ಬರೆಯುವ ಹುಡುಗಿ ಅದಕ್ಕೊಂದು ತಮಾಷೆ ಸೇರಿಸಿದಳು. ಸುಲಭದ ದಾರಿಯಲ್ಲಿ ಹಳದಿ ಹೆಲ್ಮೆಟ್ ಹೋಗಿ ತಲೆಯ ಮೇಲೆ ಕೂಸಿನ ಕುಲಾವಿ ಬರುತ್ತದೆ, ಗದ್ದದ ಕೆಳಗೆ ಲಾಡಿ ಕಟ್ಟಿರುತ್ತದೆ. ಕೋಣೆಯೆಲ್ಲ ನಕ್ಕಿತು. ಬೇಡ ಅನ್ನಲು ನನಗೆ ಕಾರಣ ಹೇಳಬೇಕಾಗುತ್ತಿತ್ತು. ಅಪ್ಪನಿಗೂ ನಗು ಬರುತ್ತದೆ ಬಿಡು, ಅವನಿಗೆ ಹಾಸ್ಯ ಗೊತ್ತು.

ಈ ವಾರವೇ ಬರುತ್ತದೆ.

ಕಪಿ


ಏಪ್ರಿಲ್ ೨೮

ನಿನ್ನ ಕಾಗದಕ್ಕಿಂತ ಮೊದಲು ಕುಲಾವಿ ಬಂತು.

ಅಪ್ಪ ಬಿದ್ದ, ಎದ್ದ, ಬಿದ್ದ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬೆಳಗಿತು. ಹೆಲ್ಮೆಟ್ ಇರಲಿಲ್ಲ. ನಾನು ಬಟ್ಟೆ ಮಡಚುತ್ತಿದ್ದೆ, ಬಟನ್ ಸದ್ದು ನಿಂತಿತೆಂದು ತಲೆ ಎತ್ತಿದೆ. ಆ ಗಿಡ್ಡ ಮನುಷ್ಯ ತೊಲೆಯ ಮೇಲೆ ಕುಲಾವಿ ಹಾಕಿಕೊಂಡು ನಿಂತಿದ್ದ. ಅಪ್ಪ ಒಂದು ಸಲ ಜಿಗಿಸಿದ. ದಾಟಿತು. ದಾಟಿದ ಮೇಲೆ ಕುಲಾವಿಯ ಲಾಡಿ ಅಲ್ಲಾಡಿತು.

"ಇದನ್ನ ಮಾಡಿದ್ದು ಯಾರೇ?"

ನಾನು ಮಡಚಿದ್ದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದೆ.

"ಅವನಿಗೆ ಗೊತ್ತಾ, ನಾನು ಆಡ್ತಿದೀನಿ ಅಂತ?"

ಅವನು ಕಂಟ್ರೋಲರನ್ನು ಎಡಗೈಯಲ್ಲಿ ತೆಗೆದು ಸೋಫಾದ ಮೇಲಿಟ್ಟ. ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ಇಟ್ಟ. ಆಮೇಲೆ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅದು ಅಲ್ಲೇ ಇದೆ.

ಮಾರನೆಯ ದಿನ ನಿನ್ನ ಕಾಗದ ಸಿಕ್ಕಿತು. ಧೊಪ್ಪಣ್ಣ. ನಾನು ಎಷ್ಟೋ ಹೊತ್ತು ಆ ಹೆಸರನ್ನೇ ನೋಡುತ್ತಾ ಕೂತೆ, ಮೇಣ ಕರಗಿ ಬೆಂಚಿನ ಮೇಲೆಲ್ಲ ಹರಿಯಿತು. ಅವರು ಚಹಾ ಹಿಡಿದು ಪಂದ್ಯ ಕಟ್ಟುತ್ತಿದ್ದಾಗ ಈ ಕಡೆ ಅವನು ಹಲ್ಲು ಕಚ್ಚಿ ಬೆರಳು ಎತ್ತುತ್ತಿದ್ದ. ಗೊತ್ತಾದ ಮೇಲೂ ನೀನು ಸುಮ್ಮನಿದ್ದೆ. ಅವರು ನಕ್ಕಾಗ ನೀನೂ ನಕ್ಕೆಯಾ? ಇಷ್ಟೊಂದು ಬರೆದವನು ಅದನ್ನು ಮಾತ್ರ ಬರೆದಿಲ್ಲ.

ಸದ್ದಿಲ್ಲದೆ ಹಾಕು ಅಂದಿದ್ದೆ. ನೀನು ಡಂಗುರ ಸಾರಿ ಕೊಟ್ಟೆ.

ಗೆಲುವಿನ ಮಾತು ತುಂಬಾ ಆಡಿದ್ದೀಯ. ಹಾಗಾದರೆ ನಾನೂ ಒಂದು ಮಾತು ಹೇಳುತ್ತೇನೆ. ಅಪ್ಪ ನಿನಗೆ ಸೋತ ಆ ದಿನ ನೀನು ಪರದೆ ನೋಡುತ್ತಿದ್ದೆ, ನಾನು ಅಪ್ಪನ ಪಕ್ಕ ನೆಲದ ಮೇಲೆ ಕೂತಿದ್ದೆ, ನನ್ನ ಕಣ್ಣಿನ ಮಟ್ಟಕ್ಕೆ ಅವನ ಕೈ ಇತ್ತು. ಕೊನೆಯ ಹಳ್ಳ ಬಂದಾಗ ಅವನ ಹೆಬ್ಬೆರಳು ಬಟನ್ ಮೇಲೆ ಇರಲೇ ಇಲ್ಲ. ಬೆರಳನ್ನು ಎತ್ತಿ ಪಕ್ಕಕ್ಕೆ ಇಟ್ಟುಕೊಂಡು ನೇರ ಹಳ್ಳಕ್ಕೆ ನಡೆಸಿದ. ಬಿದ್ದ ಮೇಲೆ "ಅಯ್ಯೋ ಕಳ್ಳ, ಸೋಲಿಸಿಬಿಟ್ಟೆಯಲ್ಲೋ!" ಎಂದು ಹಣೆ ಬಡಿದುಕೊಂಡ. ನೀನು ಮನೆಯೆಲ್ಲ ಕುಣಿದೆ.

ನನ್ನ ಅಂಚು ನಾನು ಎಲ್ಲಿ ಕಲಿತೆ ಅಂದುಕೊಂಡಿದ್ದೆ?

ಅಕ್ಕ


ಮೇ ೧೭

ಅಕ್ಕನಿಗೆ,

ನೀನು ಬರೆದದ್ದು ಸುಳ್ಳು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಬರೆದಿದ್ದೀಯ, ಅಷ್ಟೇ. ಅಷ್ಟು ವರ್ಷದಿಂದ ಸುಮ್ಮನಿದ್ದವಳು ಈಗ ಹೇಳುತ್ತೀಯಲ್ಲ, ನನಗೆ ನೋವಾಗಲಿ ಎಂದೇ ಹೇಳಿದ್ದು. ಆಗಿದೆ. ಸಮಾಧಾನವಾಯಿತಾ?

ಕುಲಾವಿ ತೆಗೆಸಿದೆ. ಕೋಣೆಯಲ್ಲಿ ಎಲ್ಲರ ಮುಂದೆ ಎದ್ದು ನಿಂತು ಧೊಪ್ಪಣ್ಣ ನಮ್ಮಪ್ಪ ಎಂದು ಹೇಳಿದೆ. ಒಬ್ಬ ಬಂದು ಭುಜ ಮುಟ್ಟಿದ, ಬೈದಿದ್ದರೇ ವಾಸಿಯಿತ್ತು. ಚಿತ್ರದ ಹುಡುಗಿ ಅತ್ತಳು. ಹೆಲ್ಮೆಟ್ ವಾಪಸ್ ಬಂದಿದೆ, 'ಸುಲಭ' ಎಂಬ ಹೆಸರೂ ಎಲ್ಲೂ ಇಲ್ಲ. ನಿನ್ನ ಅಂಚು ಮೊದಲಿನ ಹಾಗೆ ಎಲ್ಲರಿಗೂ ಇದೆ, ಮೊದಲಿಗಿಂತ ಒಂದಿಷ್ಟು ಜಾಸ್ತಿಯೇ ಇದೆ. ಮರ್ಯಾದೆ ಎಂದು ಬರೆದವನು ಈಗ ನನಗೆ ಉಗಿಯುತ್ತಿದ್ದಾನೆ. ನೀನು ಕೇಳಿದ್ದೆಲ್ಲ ಮಾಡಿದೆ. ಅಪ್ಪನನ್ನು ಕೂರಿಸಿ ಆಡಿಸು.

ಆ ದಿನದ ಮಾತು ನಿನ್ನ ಬಾಯಲ್ಲಿ ನನಗೆ ಬೇಡ. ಅಪ್ಪನಿಗೇ ಬರೆದಿದ್ದೇನೆ, ಇದರೊಳಗೆ ಇನ್ನೊಂದು ಲಕೋಟೆ ಇದೆ. ಹೌದು ಅಥವಾ ಇಲ್ಲ, ಅಷ್ಟೇ ಕೇಳಿದ್ದೇನೆ. ನೀನು ಒಡೆಯಬೇಡ. ಅವನು ಏನು ಬರೆದರೂ ಒಂದಕ್ಷರ ಬದಲಿಸದೆ ಕಳಿಸು. ಅಪ್ಪ ಸುಳ್ಳು ಹೇಳುವವನಲ್ಲ.

ಈಚೆಗೆ ನನಗೆ ನಿದ್ದೆ ಸರಿಯಾಗಿಲ್ಲ. ಆಡಲು ಕೂತರೆ ನಾನೇ ಮೊದಲ ಕೊಕ್ಕೆಯ ಹತ್ತಿರ ಬೀಳುತ್ತಿದ್ದೇನೆ.

ನಿನ್ನ ತಮ್ಮ


ಜುಲೈ ೩

ತಮ್ಮನಿಗೆ,

ಇಷ್ಟು ದಿನ ಬರೆಯಲಿಲ್ಲ. ಅಪ್ಪನ ಉತ್ತರಕ್ಕೆ ಕಾಯುತ್ತಿದ್ದೆ, ಅದು ಬಂದ ಮೇಲೆ ಕಳಿಸಲೋ ಬೇಡವೋ ಎಂದು ಒದ್ದಾಡುತ್ತಿದ್ದೆ.

ಮೊದಲು ಆಟದ ವಿಷಯ. ನೀನು ಬರೆದ ಮೇಲೆ ಹಾಕಿಕೊಟ್ಟೆ. ಬೇಡ ಅಂದ. ಹೆಲ್ಮೆಟ್ ಬಂದಿದೆ ನೋಡು ಅಂದೆ. ನನ್ನ ಮುಖ ನೋಡಲಾರದೆ ಕಂಟ್ರೋಲರ್ ತೆಗೆದುಕೊಂಡ. ಮೊದಲ ಕೊಕ್ಕೆ ಬಂತು, ಬೆರಳು ತಡವಾಗಿ ಎದ್ದಿತು, ಆದರೂ ದಾಟಿತು. ನಾನು ಚಪ್ಪಾಳೆ ತಟ್ಟಿದೆ. ಅಪ್ಪ ನನ್ನ ಕಡೆ ತಿರುಗಿ ಸಣ್ಣಗೆ ನಕ್ಕ. "ಇದು ನನ್ನ ಕೈಯಲ್ಲ ಕಣೇ. ಯಾರೋ ಎತ್ತಿ ಆಚೆ ಇಟ್ರು" ಅಂದ.

ನೀನು ಅಂಚನ್ನು ಕಾಣದ ಹಾಗೇ ಹಾಕಿದ್ದೀಯ, ತಪ್ಪು ನಿನ್ನ ಕೆಲಸದಲ್ಲಿಲ್ಲ. ಆದರೆ ಒಂದು ಸಲ ಕುಲಾವಿ ನೋಡಿದವನಿಗೆ ಆಮೇಲೆ ಎಲ್ಲ ಜಿಗಿತದಲ್ಲೂ ಅದೇ ಕಾಣುತ್ತದೆ. ಈಗ ಎದುರಿನ ನಿವೇಶನಕ್ಕೆ ಒಂದು ಕ್ರೇನ್ ಬಂದಿದೆ. ಅಪ್ಪ ಕಿಟಕಿಯಲ್ಲಿ ಕೂತು ಅದನ್ನು ಓಡಿಸುವವನನ್ನು ದಿನವಿಡೀ ಬೈಯುತ್ತಾನೆ. ಬಲಗೈ ಮುಷ್ಟಿಯಾಗಿ ಗಟ್ಟಿಯಾಗುತ್ತಿದೆ. ವ್ಯಾಯಾಮದಾಕೆ ಬರುವುದು ನಿಲ್ಲಿಸಿದಳು, ಅವಳನ್ನು ನಿಲ್ಲಿಸಿದವನೂ ಅವನೇ. ಆ ಬೆರಳು ಇನ್ನು ಏಳುವುದಿಲ್ಲ. ಇದನ್ನು ಸಿಹಿ ಸವರಿ ಬರೆಯಲು ನನಗೆ ಬರುವುದಿಲ್ಲ.

ನಿನ್ನ ಲಕೋಟೆಯನ್ನು ಅವನೇ ಒಡೆದ. ಓದಿ ದಿಂಬಿನ ಕೆಳಗಿಟ್ಟುಕೊಂಡ. ಹಲವು ವಾರ ಕಳೆದ ಮೇಲೆ ಒಂದು ದಿನ ಕಾಗದ ಪೆನ್ನು ಕೇಳಿದ. ಎಡಗೈಯಲ್ಲಿ ಬರೆದದ್ದು, ಅದಕ್ಕೇ ಅಕ್ಷರ ಹಾಗಿವೆ. ಅವನ ಹಾಳೆ ಇದರ ಜೊತೆಗೇ ಇದೆ. ನಿನಗೆ ಅರ್ಥವಾಗದೆ ಹೋದರೆ ಎಂದು ಇಲ್ಲೂ ಇಳಿಸಿದ್ದೇನೆ. ಒಂದಕ್ಷರ ಬದಲಿಸಿಲ್ಲ.

'ಮಗನೇ, ಆವತ್ತು ನೀನೇ ಗೆದ್ದದ್ದು. ನಾನು ಬಟನ್ ಸರಿಯಾಗೇ ಒತ್ತಿದ್ದೆ. ನಿನ್ನ ಹಾರಿಕೆ ನನ್ನದಕ್ಕಿಂತ ಚೆನ್ನಾಗಿತ್ತು. ಅಕ್ಕ ಆಗ ಚಿಕ್ಕವಳು, ಅವಳಿಗೇನು ಕಂಡಿರುತ್ತೆ. ಆಟ ಚೆನ್ನಾಗಿ ಮಾಡಿದ್ದೀಯ. ಕೈಗೆ ಸ್ವಲ್ಪ ಆಯಾಸ, ಅದಕ್ಕೆ ಆಡ್ತಿಲ್ಲ. ಬೇರೇನಿಲ್ಲ. ಅಪ್ಪ.'

ಓದಿ ನನಗೆ ಮೈ ಉರಿಯಿತು. ನನ್ನನ್ನು ಸುಳ್ಳಿ ಮಾಡಿದ್ದಕ್ಕಲ್ಲ. ಹೆಲ್ಮೆಟ್ ಕಿತ್ತುಕೊಂಡವನಿಗೆ ಇವನು ಇನ್ನೂ ಹಳ್ಳಕ್ಕೆ ಬಿದ್ದು ತೋರಿಸುತ್ತಿದ್ದಾನಲ್ಲ, ಅದಕ್ಕೆ. "ಅಪ್ಪಾ, ನಿಜ ಬರಿ. ನಾನು ನೋಡಿದೀನಿ, ನಿಂಗೂ ಗೊತ್ತು" ಅಂದೆ. ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಬರೆದ್ರೆ ಬಿದ್ದುಹೋಗ್ತಾನೆ ಕಣೇ. ಅಲ್ಲಿ ಅವನನ್ನ ಹಿಡಿಯೋಕೆ ಯಾರಿದಾರೆ?"

ಹಾಳೆ ಮಡಚಿ ನನ್ನ ಕೈಗೆ ಕೊಟ್ಟು, ಇವತ್ತೇ ಅಂಚೆಗೆ ಹಾಕು ಅಂದ. ತಾನು ಈಗ ಅಂದದ್ದನ್ನು ನಿನಗೆ ಹೇಳಬಾರದೆಂದು ಮಾತು ತೆಗೆದುಕೊಂಡ. ನಾನು ತಲೆಯಾಡಿಸಿದೆ.

ಅವನ ಹಾಳೆಯೊಂದನ್ನೇ ಕಳಿಸಿದ್ದರೆ ನೀನು ಗೆದ್ದವನಾಗಿಯೇ ಉಳಿಯುತ್ತಿದ್ದೆ. ಅವನು ನಿನಗೆ ಕಾಣದ ಹಾಗೆ ಕೊಟ್ಟಿದ್ದ. ಆಗಲೂ ಹಾಗೆ ಕೊಟ್ಟ, ಈಗಲೂ ಹಾಗೆ ಕೊಟ್ಟ. ಆ ಗುಣ ನನಗೂ ಇದೆ ಅಂದುಕೊಂಡಿದ್ದೆ, ಇಲ್ಲ. ನಾನು ಮಾತು ಮುರಿದು ಕಾಣುವ ಹಾಗೆ ಮಾಡಿ ಕಳಿಸುತ್ತಿದ್ದೇನೆ. ಇನ್ನು ಮೇಲೆ ನೀನು ಎಲ್ಲಿ ಗೆದ್ದರೂ ತಲೆ ಮುಟ್ಟಿ ನೋಡಿಕೊಳ್ಳುತ್ತೀಯ.

ಹೌದು, ಇದು ಕುಲಾವಿಯೇ. ಲಾಡಿ ಕಟ್ಟಿಕೋ.

ಅಕ್ಕ